ವಯಸ್ಸಿಗೊಪ್ಪುವ ಕುರ್ಚಿ

ಈ ಕುರ್ಚಿ ನನ್ನನ್ನು ಕೂರಗೊಡುತ್ತಿಲ್ಲ. ಮೆತ್ತನೆಯ ದಿಂಬಿದೆ, ಪಕ್ಕದಲ್ಲಿ ಕಿಟಕಿ, ತಲೆಯ ಮೇಲೆ ಫ್ಯಾನು. ಆದರೂ ಬೆಳಗಿನಿಂದ ನಾಲ್ಕು ಸಲ ಎದ್ದುಹೋಗಿ ನೀರು ಕುಡಿದಿದ್ದೇನೆ. ಬಾಯಾರಿಕೆಯಂತೂ ಇರಲಿಲ್ಲ. ವಿಜಯವಾಡದ ಒನ್ ಟೌನಿನ ಗೋದಾಮುಗಳನ್ನು ಸುತ್ತಿ ವಿಮೆಗಾಗಿ ತಪಾಸಣೆ ಮಾಡುತ್ತಿದ್ದ ನನ್ನನ್ನು, ಮೈಸೂರಿನಿಂದ ವರ್ಗವಾಗಿ ಬಂದ ಹೊಸ ಮ್ಯಾನೇಜರು ಹೋದ ವಾರ ಪಟಮಟದ ಕಚೇರಿಯೊಳಗೆ ಕೂರಿಸಿದರು. "ನಿಮ್ಮ ವಯಸ್ಸಿಗೆ ಬಿಸಿಲು ಯಾಕೆ ಸರ್?" ಎಂದರು. ಐವತ್ತಾರೂ ಒಂದು ವಯಸ್ಸೇ?

ಸಿಟ್ಟಾಗೋಣವೆಂದರೆ ಆ ಹಕ್ಕೂ ನನಗಿಲ್ಲ. ಎಂಬತ್ತರ ದಶಕದಲ್ಲಿ, ವಿಶಾಖಪಟ್ಟಣದ ಗಾಜುವಾಕ ಶಾಖೆಯಲ್ಲಿ ಯಾರಿಗೆ ಯಾವ ಕೆಲಸವೆಂದು ಪಟ್ಟಿ ಬರೆಯುತ್ತಿದ್ದವನು ನಾನೇ. ಅಲ್ಲಿ ಹಳೆಯ ಕಡತಗಳ ಕೋಣೆ ವೆಂಕಪ್ಪನವರದು. ಬಳ್ಳಾರಿಯವರು, ತೆಲುಗು ಮನೆಯ ಅಳಿಯ, ನಿವೃತ್ತಿಗೆ ಎರಡೇ ವರ್ಷ. ಅವರು ಮಂಡಿ ಹಿಡಿದುಕೊಂಡು ಏಣಿ ಹತ್ತುವುದನ್ನು ನೋಡಿ ನನಗೆ ಕರುಳು ಚುರುಕ್ಕೆಂದಿತು. ಅವರನ್ನು ಬಂದವರಿಗೆ ಉತ್ತರಿಸುವ ವಿಚಾರಣೆಯ ಮೇಜಿಗೆ ಕೂರಿಸಿ, ಅಲ್ಲಿದ್ದ ಇಪ್ಪತ್ತೆರಡರ ಲಲಿತಾಳನ್ನು ಏಣಿಗೆ ಹಚ್ಚಿದೆ. ಎಷ್ಟು ಒಳ್ಳೆಯವನು ನಾನು ಎಂದು ಆ ದಿನ ಒಂದು ಕಾಫಿ ಹೆಚ್ಚಿಗೆ ಕುಡಿದೆ.

ಲಲಿತಾ ಮೂರನೆಯ ಮೆಟ್ಟಿಲಲ್ಲೇ ತಲೆಸುತ್ತು ಬಂದು ಏಣಿಯನ್ನು ತಬ್ಬಿಕೊಂಡಳು. ಕಡತಗಳ ನಡುವೆಯೇ ದಿನ ಕಳೆದಿದ್ದ ವೆಂಕಪ್ಪನವರು ಬಂದವರೊಡನೆ ಮಾತಾಡಲಾರದೆ ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ರಾಜೀನಾಮೆ ಬರೆದು ತಂದರು.

"ಮಂಡಿ ನಂದು ರೀ. ನನ್ನ ಒಂದು ಮಾತು ಕೇಳ್ಬೇಕಿತ್ತಿಲ್ಲ?"

ನಾಚಿಕೆಯಾಯಿತು. ಆಗ ಕೇಳಿದೆ. ಬೆಳಿಗ್ಗೆ ಮಂಡಿ ಬಿಗಿಯಂತೆ, ಊಟದ ಮೇಲೆ ಸಡಿಲವಂತೆ. ದಿನವೂ ಬೇಕಾಗುವ ಕಡತಗಳನ್ನು ಸೊಂಟದೆತ್ತರಕ್ಕೆ ಇಳಿಸಿದೆವು, ಏಣಿಯ ಕೆಲಸ ಮಧ್ಯಾಹ್ನಕ್ಕಿಟ್ಟೆವು. ಲಲಿತಾ ತನ್ನ ಮೇಜಿಗೆ ಮರಳಿದಳು. ರಾಜೀನಾಮೆಯನ್ನು ವೆಂಕಪ್ಪನವರೇ ಹರಿದರು.

ಇವತ್ತು ಐದನೆಯ ಸಲ ಎದ್ದವನು ನೀರಿನ ಕಡೆ ಹೋಗದೆ ಮ್ಯಾನೇಜರ ಕೋಣೆಗೇ ನುಗ್ಗಿದೆ.

"ನನ್ನನ್ನ ಒಂದು ಮಾತು ಕೇಳಿದ್ರಾ?"

ಅವರು ಪೆನ್ನು ಕೆಳಗಿಟ್ಟರು. "ತಪ್ಪಾಯ್ತು ಸರ್. ಈಗ ಕೇಳ್ತೀನಿ, ಹೇಳಿ."

"ಒನ್ ಟೌನ್ ನಂಗೇ ಇರ್ಲಿ."

ಅಷ್ಟು ಸಲೀಸಾಗಿ ಬಂತು. ಮಿಕ್ಕಿದ್ದನ್ನು ಹೇಳುವ ಮೊದಲು ಕೋಣೆಯ ಬಾಗಿಲು ಮುಚ್ಚಿದೆ. ಈ ಬೇಸಿಗೆಯಲ್ಲಿ ಎರಡು ಸಲ ಕಣ್ಣು ಕತ್ತಲಿಟ್ಟು ಗೋದಾಮಿನ ಮೂಟೆಯ ಮೇಲೆ ಕುಸಿದು ಕೂತದ್ದನ್ನು ನಾನು ಮನೆಯಲ್ಲೂ ಹೇಳಿಲ್ಲ. ಅದನ್ನು ಹೇಳಿ, "ಬೆಳಿಗ್ಗೆ ಮಾತ್ರ ಹೋಗ್ತೀನಿ, ಬಿಸಿಲೇರೋ ಮುಂಚೆ" ಎನ್ನುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ವೆಂಕಪ್ಪನವರು ತಮ್ಮ ಮಂಡಿಯ ವಿಷಯ ಬಾಯಿಬಿಡಲು ಎಷ್ಟು ಕಷ್ಟಪಟ್ಟಿರಬೇಕೆಂದು ಆಗ ಗೊತ್ತಾಯಿತು.

ಮ್ಯಾನೇಜರು ಒಪ್ಪಿದರು. ನಾಳೆ ಏಳಕ್ಕೆಲ್ಲ ಒನ್ ಟೌನಿನಲ್ಲಿರುತ್ತೇನೆ. ಹನ್ನೊಂದಕ್ಕೆ ಬಂದು ಕೂರಲು ಆ ಕುರ್ಚಿ ಅಲ್ಲೇ ಇರಲಿ ಎಂದು ಹೇಳಿ ಬಂದಿದ್ದೇನೆ.