ಮೂಡಣ ಗಾಳಿಯ ಭಾನುವಾರ

ಹೈದರಾಬಾದಿನಲ್ಲಿ ಕುಳಿತು ಕಡಲಿನ ಚಿಂತೆ ಮಾಡುವವಳಿಗೆ ಜನ ಏನೇನು ಅನ್ನಬಹುದೋ ಎಲ್ಲವನ್ನೂ ನಾನು ಅನ್ನಿಸಿಕೊಂಡಿದ್ದೇನೆ. ಅಬಿಡ್ಸ್‌ನ ಇಂಟರ್‌ನೆಟ್ ಸೆಂಟರಿನವನಂತೂ ಕಡಲಿನ ಹವಾಮಾನ ನೋಡಲು ಹೋಗುವ ನನ್ನನ್ನು ಕಂಡರೆ ಸಾಕು, "ಮೇಡಂ, ಆಜ್ ದರಿಯಾ ಕೈಸಾ ಹೈ?" ಎಂದು ಕಡಲಿನ ಯೋಗಕ್ಷೇಮ ಕೇಳಿ ಕಿಚಾಯಿಸುತ್ತಿದ್ದ. ಆ ವಾರ ಅವನಿಗೆ ಉತ್ತರ ಕೊಡುವ ತಾಳ್ಮೆ ನನಗಿರಲಿಲ್ಲ. ಅಕ್ಕನ ಭುಜದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ಸರ್ಫಿಂಗ್ ಮರೆತುಬಿಡಿ, ತಡಮಾಡಿದರೆ ತೋಳನ್ನೇ ಮರೆಯಬೇಕಾದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೆ ಮೊದಲು ಒಂದೇ ಒಂದು ದಿನ ವಿಶಾಖಪಟ್ಟಣಕ್ಕೆ ಹೋಗಿಬರುವುದೆಂದಾಯಿತು. ಆ ದಿನ ಯಾವುದೆಂದು ಆರಿಸುವುದು ನನ್ನ ಪಾಲಿಗೆ ಬಂತು.

ಭಾನುವಾರ ಎಂದೆ. ಅಕ್ಕ "ಆತು" ಎಂದಳು, ಟಿಕೆಟ್ಟೂ ಆಯಿತು. ಆದರೂ ನನಗೆ ಕುಳಿತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ನಾವಿಬ್ಬರೂ ಅಲೆಯೇರಲು ಕಲಿತದ್ದು ಮೂಲ್ಕಿಯಲ್ಲಿ, ರಜೆಗೆ ಹೋದಾಗ. ಅಲೆಯ ಎತ್ತರ ನೋಡಿ ಮರುಳಾಗಬಾರದು, ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಬಿಡುವಿದೆ ನೋಡಬೇಕು. ಬಿಡುವು ಹೆಚ್ಚಿದ್ದರೆ ಅಲೆ ದೂರದಿಂದ ಬಂದದ್ದು, ಕಸುವುಳ್ಳದ್ದು. ಆಮೇಲೆ ಗಾಳಿ. ಬೆಳಗಿನ ಮೂಡಣ ಗಾಳಿ ನೆಲದಿಂದ ಬೀಸಿ ಅಲೆಯನ್ನು ಎತ್ತಿ ಹಿಡಿಯುತ್ತದೆ, ಅದರ ಮೈ ನುಣುಪಾಗುತ್ತದೆ. ಮೂಡಣ ಗಾಳಿ ಎಂದರೆ ಕಣ್ಣು ಮುಚ್ಚಿ ಹೊರಡುವುದೇ. ಇಂಟರ್‌ನೆಟ್ಟಿನ ಮುನ್ಸೂಚನೆಯಲ್ಲಿ ಭಾನುವಾರಕ್ಕೆ ಅದೇ ಇತ್ತು.

ಬುಧವಾರ ಊಟದ ಬಿಡುವಿನಲ್ಲಿ ಇನ್ನೊಮ್ಮೆ ನೋಡಿದೆ. ಪರದೆಯ ಮೇಲೆ ವಿಶಾಖಪಟ್ಟಣದ ನಕ್ಷೆ, ಊರಿನ ಬಲಕ್ಕೆಲ್ಲ ನೀಲಿ. ಮೂಲ್ಕಿಯಲ್ಲಿ ಕಡಲು ಪಡುವಣಕ್ಕೆ, ಅಲ್ಲಿ ಮೂಡಣಕ್ಕೆ! ಅಲ್ಲಿಯ ಮೂಡಣ ಗಾಳಿ ಕಡಲಿನಿಂದಲೇ ನುಗ್ಗಿ ಅಲೆಯನ್ನು ಕಲಸಿ ರಾಡಿ ಮಾಡುತ್ತದೆ. ಅಕ್ಕ ಆಫೀಸಿನ ಕೆಲಸಕ್ಕೆ ಹೋದಾಗಲೆಲ್ಲ ಅಲ್ಲಿ ನೀರಿಗಿಳಿದವಳು. ನಾನು ಆ ಊರನ್ನೇ ಕಂಡವಳಲ್ಲ. ಗುರುವಾರದ ಮುನ್ಸೂಚನೆ ನೋಡಿದರೆ ಪಡುವಣ ಗಾಳಿ, ಅಲೆಗಳ ನಡುವೆ ಉದ್ದನೆಯ ಬಿಡುವು. ಬುಧವಾರದ ಅದೇ ಸಂಜೆ ರೈಲು ಹಿಡಿದರೆ ಆ ಬೆಳಗು ಅಕ್ಕನಿಗೆ ಸಿಗುತ್ತಿತ್ತು.

ಬೇಗಂಪೇಟೆಯ ಅವಳ ಆಫೀಸಿಗೆ ಓಡಿದೆ. ದಾರಿಯಲ್ಲಿ ಯಾವುದೋ ಮೆರವಣಿಗೆ. ರಾಜಧಾನಿಯೆಂದ ಮೇಲೆ ದಿನಕ್ಕೊಂದು ಇರಲೇಬೇಕಲ್ಲ! ಆಟೊದವನ ತಲೆ ತಿಂದೆ, ಇಳಿದು ನಡೆದೆ, ಬೇರೊಂದು ಆಟೊ ಹತ್ತಿದೆ.

"ಅಕ್ಕಾ, ಏಳು! ರವಿವಾರ ಬ್ಯಾಡ, ಇವತ್ತ ಸಂಜಿ ಗಾಡಿಗೆ ಹೋಗೂಣು. ನಾ ಗಾಳಿ ಉಲ್ಟಾ ನೋಡೀನಿ!"

ಅಕ್ಕ ಊಟದ ಡಬ್ಬಿ ಮುಚ್ಚಿದಳು. "ಗೊತ್ತೈತಿ. ನೀ ರವಿವಾರ ಅಂದಾಗನ ಗೊತ್ತಾತು."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ಯಾಕ ಬಾಯಿ ಬಿಡಲಿಲ್ಲ? ವಾರದಿಂದ ಸಾಯಾಕತ್ತೀನಿ ನಾನು! ನಾಳೆ ಎಂಥಾ ತೆರಿ ಬರತಾವ ಗೊತ್ತೇನು?"

"ಅದೂ ಗೊತ್ತೈತಿ. ಅಂಥಾ ತೆರಿ ಒಂದ ಹತ್ತಿದ್ನಿ ಅಂದ್ರ ನಾ ಆಪರೇಷನ್ನಿಗೆ ಹೋಗಂಗಿಲ್ಲವಾ. ನನಗ ಕೆಟ್ಟ ಕಡಲ ಬೇಕು. ಬೈಕೋತ ಹೊರಗ ಬರೂವಂಥಾದ್ದು."

ಭಾನುವಾರಕ್ಕೇ ಹೋದೆವು.

ಬೆಳಕು ಹರಿಯುವಾಗ ದಡದಲ್ಲಿ ಕಡಲಿಗೆ ಮುಖಮಾಡಿ ನಿಂತರೆ ಗಾಳಿ ನಮ್ಮ ಬೆನ್ನಿಗೆ ತಾಗುತ್ತಿತ್ತು. ರಾತ್ರಿಯಲ್ಲಿ ಅದು ದಿಕ್ಕು ಬದಲಿಸಿಬಿಟ್ಟಿತ್ತು. ಅಲೆಗಳು ಒಂದೊಂದಾಗಿ, ಅವಸರವಿಲ್ಲದೆ, ಎಣ್ಣೆ ಸವರಿದ ಹಾಗೆ ನುಣ್ಣಗೆ ಬರುತ್ತಿದ್ದವು. ನನಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಅಕ್ಕ ಬಹಳ ಹೊತ್ತು ನೋಡಿದಳು.

"ಹೊತ್ತ ಏರಿದ ಮ್ಯಾಲೂ ನಾ ಬರಲಿಲ್ಲಂದ್ರ ಎಳಕೊಂಡ ಬಾ," ಎಂದು ಹಲಗೆ ಎತ್ತಿಕೊಂಡು ನೀರಿಗಿಳಿದಳು.

ಎಳೆದುಕೊಂಡೇ ಬಂದೆ. ಆಸ್ಪತ್ರೆಗೂ ಹಾಗೆಯೇ ಎಳೆದೊಯ್ದೆ. ದಾರಿಯುದ್ದಕ್ಕೂ ಅವಳು ಬೈದದ್ದು ಕಡಲನ್ನಲ್ಲ, ನನ್ನನ್ನು.