ಬಿಳಿ ಅಂಗಿಗೆ ಅರಿಶಿನ

ಕಂಪ್ಲಿ ಹತ್ತಿರದ ಮೆಟ್ರಿ ಹಳ್ಳಿಯ ರಾಮಾಂಜಿನಿಗೆ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಸೂಟು ಒಂದಿದೆ. ನವಿಲುನೀಲಿ ಬಣ್ಣ, ಬೆಳಕು ಬಿದ್ದರೆ ಮಿರಮಿರ ಮಿಂಚುವ ಬಟ್ಟೆ, ಬಂಗಾರದ ಬಣ್ಣದ ಗುಂಡಿ. ಈ ಸೀಮೆಯ ಬಹುಪಾಲು ಗಂಡಸರ ಬೀರುವಿನಲ್ಲಿ ಇಂಥದ್ದೊಂದು ನೇತಾಡುತ್ತಿರುತ್ತದೆ. ಆರತಕ್ಷತೆಯ ದಿನ ಹಾಕಿದರೆ ಮುಗಿಯಿತು, ಆಮೇಲೆ ಅದರ ಸಂಸಾರವೆಲ್ಲ ನುಸಿಗುಳಿಗೆಯ ಜೊತೆ. ರಾಮಾಂಜಿನಿ ಮಾತ್ರ ಅದನ್ನು ಎರಡನೆಯ ಸಲ ಹಾಕಿದ. ಹಾಕಿಕೊಂಡು ಕೆಲಸದ ಸಂದರ್ಶನಕ್ಕೆ ಹೋದ.

ಸಂಡೂರು ಗುಡ್ಡದ ಒಂದು ಗಣಿಯಲ್ಲಿ ಆತ ಗುತ್ತಿಗೆ ಕೆಲಸಗಾರ. ಅದಿರು ಪುಡಿಮಾಡುವ ಕ್ರಷರಿನ ಹತ್ತಿರ ದುಡಿಯುತ್ತಲೇ ಓದಿ ಡಿಪ್ಲೊಮಾ ಮುಗಿಸಿದವನು. ಅಪ್ಪ ಬೇಗ ತೀರಿಕೊಂಡ. ತಾಯಿ ಹಂಪಕ್ಕ ಕಂಡವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಮಗನನ್ನು ಸಾಕಿದಳು. ಕಂಪನಿಯವರು ಕಾಯಂ ಸೂಪರ್‌ವೈಸರ್ ಹುದ್ದೆಗೆ ಸಂದರ್ಶನ ಕರೆದಾಗ ಓಣಿಗೆ ಓಣಿಯೇ "ಸೂಟ್ ಹಾಕ್ಕೊಂಡು ಹೋಗಲೇ, ದೊಡ್ಡ ಮನುಷ್ಯಾ ಕಾಣಸ್ತಿ" ಎಂದಿತ್ತು. ಎದುರಿಗೆ ಕುಳಿತ ಕನ್ನಡಕದ ಸಾಹೇಬರು ಮೇಲಿಂದ ಕೆಳಗೆ ನೋಡಿ, "ಮದುವೆ ಮನೆಯಿಂದ ನೇರ ಬಂದಿರೇನು?" ಎಂದು ಕೇಳಿದರು. ಉಳಿದವರು ನಕ್ಕರು. ಅಷ್ಟಕ್ಕೇ ಅವನ ಬಾಯಿಗೆ ಬೀಗ ಬಿತ್ತು. ಗೊತ್ತಿದ್ದ ಉತ್ತರಗಳೂ ಹೊರಬರಲಿಲ್ಲ. ಸೂಟಿನೊಳಗೆ ಬೆವೆತುಕೊಂಡು ವಾಪಸು ಬಂದ.

ಈಗ ಮತ್ತೆ ಕರೆ ಬಂದಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಈ ಸಲ ಕೈತಪ್ಪಿದರೆ ಜೀವನಪೂರ್ತಿ ಗುತ್ತಿಗೆಯೇ ಗತಿ.

ಹಾಗಾಗಿ ಹೆಂಡತಿ ಯಶೋಧರಾ ಅವನನ್ನು ಹೊಸಪೇಟೆಗೆ ಕರೆದುಕೊಂಡು ಹೋದಳು. ಬಟ್ಟೆ ಅಂಗಡಿಯ ಶಂಭುಲಿಂಗಪ್ಪ ಬಾಯ್ತುಂಬ ಮಾತಿನ ಮನುಷ್ಯ. "ಬರ್ರಿ, ಕುಂದ್ರಿ" ಎಂದವನೇ ಹೊಳೆಯುವ ಅಂಗಿಗಳನ್ನು ಗುಡ್ಡೆ ಹಾಕಿದ. ಒಂದರ ಮೇಲೆ ಹೂವು, ಇನ್ನೊಂದರ ಮೇಲೆ ಹುಲಿ.

"ಮಿಂಚೋದು ಬ್ಯಾಡ್ರಿ" ಎಂದಳು ಯಶೋಧರಾ. "ಅಲ್ಲಿ ಮಾತಾಡಬೇಕಾದವ್ರು ಇವ್ರು, ಅಂಗಿ ಅಲ್ಲ."

ಶಂಭುಲಿಂಗಪ್ಪ ಸೋತು ಬಿಳಿ ಹತ್ತಿಯ ತುಂಬುತೋಳಿನ ಅಂಗಿ ತೆಗೆದ. "ಗಣಿ ಕಡೆಯವ್ರು ಬಿಳಿ ಒಯ್ಯೋದು ಕಡಿಮಿರೀ ಅಕ್ಕಾರ. ಕೆಂಪು ದೂಳಿಗೆ ಒಂದಿನಾನೂ ತಾಳೂದಿಲ್ಲ."

ಅದು ನಿಜ. ರಾಮಾಂಜಿನಿಯ ಅಂಗಿಗಳೆಲ್ಲ ಇಟ್ಟಿಗೆ ಬಣ್ಣ, ಇಲ್ಲವೇ ಕಂದು. ದೂಳು ಕೂತರೂ ಕಾಣಬಾರದೆಂದು ಆರಿಸಿದವು. ಆದರೂ ಬಿಳಿಯನ್ನೇ ಹಾಕಿ ನೋಡಿದ. ಹೆಗಲಿಗೆ ಸರಿಯಾಗಿ ಕೂತಿತು, ತೋಳು ಮಣಿಕಟ್ಟಿಗೆ ನಿಂತಿತು. ಕೆಳಗೆ ಕಡುನೀಲಿ ಪ್ಯಾಂಟು, ಕರಿ ಬೆಲ್ಟು, ಅದಕ್ಕೆ ಹೊಂದುವ ಕರಿ ಬೂಟು. ಟೈ ಕಟ್ಟಿದಾಗ ಮಾತ್ರ, "ಇದು ಬ್ಯಾಡ, ಕೊಳ್ಳಾಗ ಹಗ್ಗ ಹಾಕಿದಂಗ ಆಗ್ತದ" ಎಂದು ಬಿಚ್ಚಿಟ್ಟ. ಕನ್ನಡಿಯಲ್ಲಿ ನಿಂತವನು ಮದುಮಗನೂ ಅಲ್ಲ, ಕೂಲಿಯವನೂ ಅಲ್ಲ, ಕೆಲಸ ಬಲ್ಲ ಗಂಡಸು. ರಾಮಾಂಜಿನಿಗೆ ತನ್ನ ಮೇಲೆ ತನಗೇ ಅಕ್ಕರೆ ಹುಟ್ಟಿತು.

ಸಂದರ್ಶನದ ದಿನ ಸ್ನಾನ ಮುಗಿಸಿ ಬಂದು ನೋಡುತ್ತಾನೆ: ಮಡಿಚಿಟ್ಟಿದ್ದ ಬಿಳಿ ಅಂಗಿಯ ಕಾಲರಿನ ಎರಡೂ ತುದಿಗೆ ಢಾಳಾಗಿ ಅರಿಶಿನ. ಹೊಸ ಬಟ್ಟೆ ತೊಡುವ ಮುನ್ನ ಮೂಲೆಗೆ ಚೂರು ಅರಿಶಿನ ಹಚ್ಚುವುದು ಮನೆಮನೆಯ ಪದ್ಧತಿ. ಆದರೆ ಅದನ್ನು ಅಂಚಿನಲ್ಲಿ, ಒಳಮಡಿಕೆಯಲ್ಲಿ ಹಚ್ಚುತ್ತಾರೆ. ಯಾರಾದರೂ ಕಾಲರಿಗೆ ಹಚ್ಚುತ್ತಾರೆಯೇ?

"ಯವ್ವಾ, ಏನ್ ಮಾಡಿದಿ ಇದು? ಅಲ್ಲೇ ಹಚ್ಚಬೇಕಿತ್ತೇನು?"

ಹಂಪಕ್ಕನ ಬೆರಳಿನ್ನೂ ಹಳದಿಯಾಗಿತ್ತು. "ಕಾಣ್ಲಿ ಅಂತನ ಹಚ್ಚೀನಪ್ಪ. ನೀ ಸಣ್ಣಾವಿದ್ದಾಗ ಮಂದಿ ಹಳೇ ಅಂಗಿ ಇಸ್ಕೊಂಡು ಬಂದು ಹಾಕ್ತಿದ್ದೆ. ಇವತ್ತು ಅಷ್ಟು ದೊಡ್ಡೋರ ಮುಂದ ಕುಂದರ್ತಿ. ಯಾರದೋ ಹಾಕ್ಕೊಂಡು ಬಂದಾನ ಅನ್ನಬಾರ್ದು ನೋಡು, ಅದಕ್ಕ."

ಅವನ ಸಿಟ್ಟು ಅಲ್ಲಿಗೇ ನಿಂತಿತು. ಯಶೋಧರಾ ಅಂಗಿಯನ್ನು ಹಿತ್ತಲಿಗೆ ಒಯ್ದು ಸಾಬೂನು ಉಜ್ಜಿದಳು. ಅರಿಶಿನಕ್ಕೂ ಸಾಬೂನಿಗೂ ಯಾವ ಜನ್ಮದ ಹಗೆಯೋ, ಹಳದಿಯಿದ್ದದ್ದು ರಕ್ತದಂತೆ ಕೆಂಪಾಯಿತು. ನೀರು ಹಾಕಿ ಹಿಂಡಿದರೆ ಮತ್ತೆ ಹಳದಿ, ಮೊದಲಿಗಿಂತ ಅಗಲವಾಗಿ. ಬಿಸಿಲಿಗೆ ಹಾಕಿದರೆ ಹೋಗುತ್ತದೆ, ಆದರೆ ಕಂಪ್ಲಿಯಿಂದ ಹೊರಡುವ ಬಸ್ಸು ಬಿಸಿಲಿಗೆ ಕಾಯುತ್ತದೆಯೇ? ಯಶೋಧರಾ ಕಾಲರನ್ನು ಇಸ್ತ್ರಿಯಿಂದ ಒಣಗಿಸಿ ತಂದಳು. ಜೊತೆಗೆ ಹಳೆಯದೊಂದು ಇಟ್ಟಿಗೆ ಬಣ್ಣದ ಅಂಗಿಯನ್ನೂ.

ರಾಮಾಂಜಿನಿ ಹಳೆಯದಕ್ಕೇ ಕೈ ಹಾಕಿದ. ಬಾಗಿಲ ಬಳಿ ನಿಂತ ಹಂಪಕ್ಕ ನೋಡುತ್ತಿದ್ದಳು. ಹಳದಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅವನು ಹಳೆಯದನ್ನು ಕೆಳಗಿಟ್ಟು ಬಿಳಿಯದನ್ನು ತೊಟ್ಟ.

"ಹಿಂಗ ಹೋಗ್ತೀರೇನು?" ಎಂದಳು ಯಶೋಧರಾ.

"ಹಿಂಗ ಹೋಗ್ತೀನಿ. ಏನ್ ಆಗ್ತದ ಆಗ್ಲಿ."

ಹೇಳಲು ಸುಲಭ. ಬಸ್ಸಿನಲ್ಲಿ ಸಂಡೂರು ಮುಟ್ಟುವವರೆಗೂ ಅವನ ಕೈ ಕಾಲರಿನ ಮೇಲೇ ಇತ್ತು. ಹಲ್ಲುನೋವಿರಬೇಕೆಂದು ಪಕ್ಕದವನೊಬ್ಬ ಲವಂಗ ಕೂಡ ಕೊಟ್ಟ.

ಕಚೇರಿಯಲ್ಲಿ ಮತ್ತೆ ಅದೇ ಮೇಜು, ಅದೇ ಕನ್ನಡಕದ ಸಾಹೇಬರು. ನಡುವಿನ ಕುರ್ಚಿಯಲ್ಲಿ ಮಾತ್ರ ಈ ಸಲ ಹೊಸದಾಗಿ ಬಂದ ಹಿರಿಯ ಅಧಿಕಾರಿ ಶೈಲಶ್ರೀ ಇದ್ದರು. ಸಾಹೇಬರ ಕಣ್ಣು ಸೀದಾ ಕಾಲರಿಗೇ ಹೋಯಿತು.

"ಏನ್ರೀ ಅದು, ಊಟ ಮಾಡುವಾಗ ಸಾರು ಚೆಲ್ಲಿಕೊಂಡಿರಾ?"

ಹೋದ ಸಲದ ನಗೆ ರಾಮಾಂಜಿನಿಯ ಕಿವಿಯಲ್ಲಿ ಮೊಳಗಿತು. ಆದರೆ ಆ ನಗೆ ಸೂಟಿನ ಮೇಲಿತ್ತು. ಇದು ಅವ್ವನ ಬೆರಳಿನ ಮೇಲೆ. ಅವನಿಗೆ ನಾಚಿಕೆಯ ಬದಲು ರೋಷ ಬಂತು, ರೋಷದ ಜೊತೆಗೆ ಮಾತೂ ಬಂತು.

"ಸಾರಲ್ರಿ ಸರ್, ಅರಿಶಿನ. ಹೊಸ ಅಂಗಿ ಅಂತ ನಮ್ಮವ್ವ ಹಚ್ಚ್ಯಾಳ. ತೊಳಿಯಾಕ ಹೋದ್ವಿ, ಕೆಂಪಾತು. ಬ್ಯಾರೆ ಅಂಗಿ ಇತ್ರಿ, ಅವ್ವನ ಮುಂದ ಅದನ್ನ ಹಾಕ್ಕೊಳ್ಳಾಕ ಮನಸ್ಸಾಗಲಿಲ್ಲ."

ಯಾರೂ ನಗಲಿಲ್ಲ. ಆಮೇಲೆ ಅದಿರು, ಯಂತ್ರ, ಪಾಳಿ ಎಂದು ಪ್ರಶ್ನೆಗಳು ಬಂದವು. ಒಂದೊಂದಕ್ಕೂ ನೆಟ್ಟಗೆ ಉತ್ತರ ಕೊಟ್ಟ. ಕೊನೆಗೆ ಶೈಲಶ್ರೀ ಕೇಳಿದರು: "ನಿಮಗಿಂತ ಹಿರಿಯ ಕೆಲಸಗಾರರಿದ್ದಾರೆ. ನಾವು ಬಂದಾಗ ಹೆಲ್ಮೆಟ್ ಹಾಕುತ್ತಾರೆ, ಬೆನ್ನು ತಿರುಗಿಸಿದರೆ ತೆಗೆದಿಡುತ್ತಾರೆ. ದಂಡ ಹಾಕಿಯೂ ಆಯಿತು. ನೀವೇನು ಮಾಡುತ್ತೀರಿ?"

ಇದು ಪುಸ್ತಕದ ಪ್ರಶ್ನೆಯಲ್ಲ. ತಲೆ ತಗ್ಗಿಸಿದರೆ ಕಂಡದ್ದು ಕಾಲರು.

"ನಾ ಹಾಕಸಂಗಿಲ್ರಿ ಮೇಡಂ" ಎಂದ. "ಅವ್ರ ಮನ್ಯಾಗಿನವ್ರನ್ನ ಕರಸ್ತೀನಿ. ಅವ್ವ, ಹೆಂಡ್ತಿ, ಮಗಳು, ಯಾರಿದ್ರ ಅವ್ರು. ಹೊಸ ಹೆಲ್ಮೆಟ್ ಅವ್ರ ಕೈಲೇ ತಲಿ ಮ್ಯಾಲೆ ಇಡಸ್ತೀನಿ. ಸಾಹೇಬ್ರು ಹಾಕ್ಸಿದ್ದು ತೆಗಿಯಾಕ ಭಾಳ ಹೊತ್ತು ಬೇಕಾಗಿಲ್ಲ. ಅವ್ವ ಇಟ್ಟಿದ್ದು ತೆಗಿಯಾಕ ಕೈ ಬರಂಗಿಲ್ರಿ. ನನ್ನ ಕಾಲರ್ ನೋಡ್ರಿ ಬೇಕಾದ್ರ."

ಈಗ ಶೈಲಶ್ರೀ ನಕ್ಕರು, ಮನಸಾರೆ. ಕನ್ನಡಕದ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಒಳ್ಳೇ ಮಾತು" ಎಂದರು.

ಕೆಲಸ ಸಿಕ್ಕಿತು. ಸುದ್ದಿ ತಿಳಿದ ದಿನ ರಾಮಾಂಜಿನಿ ಓಣಿಯ ಮನೆಮನೆಗೂ ಪೇಡೆ ಹಂಚಿದ. ಸೂಟು ಹಾಕೆಂದವರೇ ಮುಂದೆ ಬಂದು, "ಬಿಳಿ ಹಾಕು ಅಂತ ನಾನೇ ಹೇಳಿದ್ದೆ" ಎಂದು ಎರಡೆರಡು ತಿಂದರು.

ಕೆಲಸಕ್ಕೆ ಸೇರಿದ ದಿನ ಕಂಪನಿ ಅವನ ಮಾತನ್ನೇ ನಡೆಸಿಕೊಟ್ಟಿತು. ಕ್ರಷರಿನ ಆಚೆಯ ಶೆಡ್ಡಿನಲ್ಲಿ ಕೆಲಸಗಾರರು ಸಾಲಾಗಿ ನಿಂತರು, ಎದುರಿಗೆ ಅವರವರ ಮನೆಯ ಹೆಂಗಸರು. ಹಿರಿಯ ಕೆಲಸಗಾರ ದೊಡ್ಡಬಸಪ್ಪ ಹೆಲ್ಮೆಟ್ ಕಂಡರೆ ಮುಖ ಸಿಂಡರಿಸುತ್ತಿದ್ದವನು, ಮಗಳು ಪಟ್ಟಿ ಬಿಗಿಯುವಾಗ ಮಗುವಿನಂತೆ ಗದ್ದ ಎತ್ತಿಕೊಟ್ಟ.

ಸೂಪರ್‌ವೈಸರನದು ಬಿಳಿ ಹೆಲ್ಮೆಟ್. ಅದನ್ನು ಹಂಪಕ್ಕನ ಕೈಗೆ ಕೊಟ್ಟರು. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸೊಂಟದ ಚೀಲದಿಂದ ಪೊಟ್ಟಣ ತೆಗೆದಳು, ಬೆರಳಿಗೆ ಅರಿಶಿನ ಅದ್ದಿದಳು, ಆಮೇಲೆ ಅಷ್ಟೂ ಮಂದಿಯನ್ನು ಕಂಡು ಅಳುಕಿದಳು.

"ಒಳಗ ಹಚ್ಚಲೇನಪ್ಪ?" ಎಂದಳು ಮೆಲ್ಲಗೆ. "ಮಂದಿ ಐತಿ."

ರಾಮಾಂಜಿನಿ ತಾಯಿಯ ಮುಂದೆ ತಲೆ ಬಾಗಿಸಿದ. ಕಣ್ಣು ತುಂಬಿದ್ದವು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಬ್ಯಾಡವ್ವ" ಎಂದ. "ಮುಂದ ಹಚ್ಚು. ಎಲ್ಲಾರಿಗೂ ಕಾಣ್ಲಿ."