ನೋಡದೆ ಹಾಕಿದ ಸ್ವಿಚ್ಚು

ಅವನ ಬಲಗೈಯ ಕಿರುಬೆರಳಿನ ಉಗುರು ಅಂಗುಲದಷ್ಟು ಉದ್ದ ಇತ್ತು. ಆ ಉಗುರಿನಿಂದ ಕಿವಿ ಕೆರೆಯುತ್ತಿದ್ದ, ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರು ತೆಗೆಯುತ್ತಿದ್ದ, ಆಮೇಲೆ ಅದೇ ಉಗುರಿನಿಂದ ಡಬ್ಬಿಯ ಸುಣ್ಣ ತೋಡಿ ವೀಳ್ಯದೆಲೆಗೆ ಹಚ್ಚುತ್ತಿದ್ದ. ಬೇರೆಯವರಿಗೂ ಎಲೆ ಮಡಚಿ ಕೊಡುವ ಔದಾರ್ಯ ಬೇರೆ. ನಾನು ಆ ಕಟ್ಟಡದಲ್ಲಿ ಕೆಲಸಕ್ಕಿದ್ದಷ್ಟು ದಿನ ಎಲೆ ಅಡಿಕೆ ತಿನ್ನುವುದನ್ನೇ ಬಿಟ್ಟಿದ್ದೆ.

ನಮ್ಮ ಕಡೆ ಧಣಿಗಳ ಬಾಡಿಗೆ, ಲೆಕ್ಕಪತ್ರ, ಕೆಲಸದವರನ್ನು ನೋಡಿಕೊಳ್ಳುವವನಿಗೆ ರೈಟರ್ ಎನ್ನುತ್ತಾರೆ. ಅವನು ಪುತ್ತೂರಿನ ಒಂದು ಮಹಡಿ ಕಟ್ಟಡದ ರೈಟರ್. ಎಲ್ಲರೂ ‘ಅವರು’ ಎನ್ನುತ್ತಿದ್ದರು. ಎದುರಿಗೆ ನಾನೂ ಅಂದಿದ್ದೇನೆ. ಬರೆಯುವಾಗ ಮಾತ್ರ ಅವನು ಎಂದೇ ಬರೆಯುತ್ತೇನೆ. ಸತ್ತವರ ಬಗ್ಗೆ ಹಾಗೆಲ್ಲ ಬರೆಯಬಾರದು ಎನ್ನುವವರು ಈ ಪುಟ ಬಿಟ್ಟು ಮುಂದೆ ಹೋಗಬಹುದು.

ಎಪ್ಪತ್ತರ ದಶಕದ ಕೊನೆ. ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಧಣಿ ಕಟ್ಟಡದ ಹಿಂದೆ ಒಂದು ಡೀಸೆಲ್ ಜನರೇಟರ್ ತಂದು ಕೂರಿಸಿದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಪಂಪುಸೆಟ್ ರಿಪೇರಿ ಮಾಡಿ ಕೈ ಪಳಗಿಸಿಕೊಂಡಿದ್ದ ನನ್ನನ್ನು ಅದಕ್ಕೆ ಇಟ್ಟರು. ಒಂದೇ ಜನರೇಟರ್, ಅದರ ಕರೆಂಟನ್ನು ಹಂಚಿಕೊಳ್ಳುವ ಅಂಗಡಿ ಐದು. ಗೋಡೆಗೆ ಬಡಿದ ಮರದ ಹಲಗೆಯ ಮೇಲೆ ಮೂರು ಸ್ವಿಚ್ಚು, ಮೂರು ಲೈನು. ಮೊದಲನೆಯದರಲ್ಲಿ ಮಹಡಿಯ ಡಾಕ್ಟ್ರ ಕ್ಲಿನಿಕ್ಕು ಮತ್ತು ಫೋಟೋ ಸ್ಟುಡಿಯೋ. ಎರಡನೆಯದರಲ್ಲಿ ಟೈಲರ್ ಮತ್ತು ಐಸ್ ಕ್ಯಾಂಡಿಯವನು. ಮೂರನೆಯದರಲ್ಲಿ ಹೋಟೆಲಿನ ಅಕ್ಕನ ಬಲ್ಬುಗಳು ಮಾತ್ರ. ಹಿಟ್ಟು ರುಬ್ಬುವ ಯಂತ್ರಕ್ಕೆ ಜನರೇಟರಿನ ಸಂಬಂಧವೇ ಇರಲಿಲ್ಲ. ಕರೆಂಟು ಹೋದರೆ ಯಂತ್ರ ಸತ್ತ ಹಾಗೆ. ಹೋದ ಕರೆಂಟು ಬೇಗ ಬರುವುದಿಲ್ಲವೆಂದು ಅಕ್ಕ ಆ ಬಿಡುವಿನಲ್ಲಿ ಯಂತ್ರದ ಸ್ವಿಚ್ಚನ್ನೂ ಆರಿಸದೆ ಕೈ ಹಾಕಿ ಕಲ್ಲಿಗೆ ಅಂಟಿದ ಹಿಟ್ಟು ಬಳಿಯುತ್ತಿದ್ದರು.

ಈ ಹಂಚಿಕೆಯನ್ನು ಬದಲಿಸುವುದು ರೈಟರನ ಚಟ. ಟೈಲರ್ ಪುಕ್ಕಟೆ ಅಂಗಿ ಹೊಲಿದರೆ ಟೈಲರಿಗೆ ಒಳ್ಳೆಯ ಲೈನು. ಸ್ಟುಡಿಯೋದವನು ರೈಟರನ ಮಗಳ ಫೋಟೋ ತೆಗೆಯಲು ತಡ ಮಾಡಿದರೆ ಸ್ಟುಡಿಯೋಕ್ಕೆ ಮಿಣುಕು ದೀಪ. ಬೀಡಿ ಕಟ್ಟಿನ ಕಾಗದದ ಹಿಂದೆ ಮೂರು ಗೆರೆ ಎಳೆದು, ಎಲೆ ರಸ ತುಂಬಿದ ಬಾಯಿಯಲ್ಲಿ ಗುಳುಗುಳು ಏನೋ ಹೇಳಿ ನನ್ನ ಕೈಗೆ ತುರುಕುವನು. ಕಾಗದವೂ ಒದ್ದೆ.

“ಅಲ್ಲಿ ಯಾವ ವಯರು ಎಲ್ಲಿಗೆ ಹೋಗ್ತದೆ ಅಂತ ನೋಡಿದ್ದೀರಾ ರೈಟರ್ರೆ?” ಎಂದು ಕೇಳಿದರೆ ಒಂದೇ ಉತ್ತರ.

“ನೋಡಿ ಆಗಿದೆ.”

ನೋಡಿರುತ್ತಿರಲಿಲ್ಲ. ಕುರ್ಚಿಯಿಂದ ಏಳುವುದೆಂದರೆ ಅವನಿಗೆ ಮರ್ಯಾದೆ ಕಡಿಮೆಯಾದಂತೆ. ಅವನು ಹೇಳಿದ್ದನ್ನು ಇನ್ನೊಬ್ಬ ಹೋಗಿ ಪರೀಕ್ಷೆ ಮಾಡಿದರಂತೂ ಕೆನ್ನೆಗೆ ಹೊಡೆದಂತೆ.

ನನ್ನದೊಂದು ಕ್ರಮ ಇತ್ತು. ಲೈನು ಬದಲಿಸಿದ ದಿನ ಸಂಬಂಧಪಟ್ಟ ಅಂಗಡಿಗಳಿಗೆಲ್ಲ ಹೋಗಿ, ಹೊಸ ಲೈನಿಗೆ ಏನೇನು ಸೇರಿದೆ ಎಂದು ಕಣ್ಣಾರೆ ನೋಡಿ, ಅಂಗಡಿಯವರಿಗೂ ತಿಳಿಸಿ, ಮತ್ತೆ ಬಂದು ಜನರೇಟರ್ ಕೋಣೆಯಿಂದ “ಬಿಡ್ಲಾ?” ಎಂದು ಕೂಗುವುದು. ಎಲ್ಲ ಕಡೆಯಿಂದ “ಬಿಡಿ” ಎಂದು ಬಂದ ಮೇಲೆಯೇ ಸ್ವಿಚ್ಚು ಹಾಕುವುದು. ಅಕ್ಕನ ದನಿ ಎಲ್ಲರಿಗಿಂತ ದೊಡ್ಡದು: “ಬಿಡು ತಮ್ಮಾ, ಇಲ್ಲಿ ಕತ್ತಲೆಗೆ ಬನ್ಸನ್ನು ಚಹಾ ಅಂತ ನೀರಿಗೆ ಅದ್ದಿ ತಿಂತಾ ಇದ್ದಾರೆ!”

ರೈಟರನಿಗೆ ಇದು ಆಗುತ್ತಿರಲಿಲ್ಲ. “ಎಂತದು ನಿನ್ನದು, ಮೀನು ಮಾರುವವರ ಹಾಗೆ ಬೊಬ್ಬೆ? ನಾನು ಎಸೆಸೆಲ್ಸಿ ಪಾಸು. ನಾನು ಬರೆದು ಕೊಟ್ಟ ಮೇಲೆ ನೀನು ಎಂತ ನೋಡುದು?”

“ನೀವು ಬರೆದದ್ದು ಕಾಗದದಲ್ಲಿ ಉಂಟು ರೈಟರ್ರೆ. ಕರೆಂಟು ಹೋಗುದು ವಯರಿನಲ್ಲಿ.”

ಅಂದಿನಿಂದ ನಾನು ಅವನ ಕಣ್ಣಿಗೆ ಅಹಂಕಾರಿ. ಇರಲಿ, ಅಹಂಕಾರ ಇತ್ತು. ದುಡಿದು ತಿನ್ನುವವನಿಗೆ ಅಷ್ಟಾದರೂ ಬೇಡವೇ?

ಐಸ್ ಕ್ಯಾಂಡಿ ಯಂತ್ರ ಓಡುವಾಗಲೆಲ್ಲ ಟೈಲರನ ದೀಪ ಮಂಕಾಗುತ್ತಿತ್ತು. ಟೈಲರ್ ದೂರು ಕೊಟ್ಟ, ಜೊತೆಗೆ ಒಂದು ಅರೆತೋಳಿನ ಅಂಗಿಯನ್ನೂ ಕೊಟ್ಟ. ರೈಟರ್ ಗೆರೆ ಎಳೆದ: ಹೋಟೆಲು ಟೈಲರನ ಲೈನಿಗೆ, ಐಸ್ ಕ್ಯಾಂಡಿ ಒಂದೇ ಮೂರನೆಯದಕ್ಕೆ. ಜನರೇಟರ್ ಕೋಣೆಯ ಕಡೆ ನಾನು ಬದಲಿಸಿದೆ. ಹೋಟೆಲಿನ ಕಡೆಗೆ ಅವನು ತನ್ನ ಪರಿಚಯದ ಯಾರೋ ಒಬ್ಬ ವಯರ್‌ಮ್ಯಾನನ್ನು ಹಿಡಿದು ತಂದ. ಮಧ್ಯಾಹ್ನ ಅಕ್ಕ ಹೋಟೆಲು ಮುಚ್ಚಿ ಮನೆಗೆ ಹೋದ ಹೊತ್ತಿನಲ್ಲಿ ಆ ಪುಣ್ಯಾತ್ಮ ಬಂದು ಮುಗಿಸಿ ಹೋದ. ಬಲ್ಬಿನ ವಯರನ್ನಷ್ಟೇ ಬೇರ್ಪಡಿಸುವ ತಾಳ್ಮೆ ಅವನಿಗಿರಲಿಲ್ಲ. ಇಡೀ ಹೋಟೆಲನ್ನೇ ಲೈನಿಗೆ ಸೇರಿಸಿದ್ದ, ರುಬ್ಬುವ ಯಂತ್ರವೂ ಸೇರಿ. ಅಕ್ಕನಿಗೆ ಯಾರೂ ಹೇಳಲಿಲ್ಲ. ನನಗೆ ಇದೆಲ್ಲ ತಿಳಿದದ್ದು ಆಮೇಲೆ.

ಅಂದೇ ಸಂಜೆ ಕರೆಂಟು ಹೋಯಿತು. ನಾನು ಹ್ಯಾಂಡಲ್ ತಿರುಗಿಸಿ ಇಂಜಿನು ಚಾಲು ಮಾಡಿದೆ. ಮೊದಲನೆಯ ಲೈನು ಬದಲಾಗಿರಲಿಲ್ಲ, ಅದನ್ನು ಕೊಟ್ಟೆ. ಉಳಿದೆರಡನ್ನು ಮುಟ್ಟದೆ ಹೊರಟೆ. ರೈಟರ್ ಬಾಗಿಲಲ್ಲಿ ನಿಂತಿದ್ದ.

“ಎಲ್ಲಿಗೆ?”

“ನೋಡಿಕೊಂಡು ಬರ್ತೇನೆ. ಹೋಟೆಲಿನಲ್ಲಿ ನಿಮ್ಮ ವಯರ್‌ಮ್ಯಾನ್ ಎಂತ ಮಾಡಿ ಹೋಗಿದ್ದಾನೆ ಅಂತ ನನಗೆ ಗೊತ್ತಿಲ್ಲ.”

“ನೋಡಿ ಆಗಿದೆ ಅಂತ ಹೇಳಿದೆನಲ್ಲ ಮಾರಾಯ!”

“ಈಗ ಬಂದೆ ರೈಟರ್ರೆ. ಸ್ವಿಚ್ಚು ಮುಟ್ಟಬೇಡಿ.”

ಕೆಲಸದವನೊಬ್ಬ ತನಗೆ ‘ಮುಟ್ಟಬೇಡಿ’ ಎಂದದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ನಾನು ಟೈಲರನ ಅಂಗಡಿ ದಾಟುವಷ್ಟರಲ್ಲಿ ಅಲ್ಲಿ ದೀಪ ಹತ್ತಿತು. ಈ ಸಲ ಬೆಳಕು ಚೆನ್ನಾಗಿದೆ ಎಂದು ಟೈಲರ್ ನಗುತ್ತಿದ್ದ. ಆ ನಗು ಮುಗಿಯುವ ಮೊದಲೇ ಹೋಟೆಲಿನ ಒಳಗಿಂದ ಅಕ್ಕ ಚೀರಿದರು.

ಓಡಿ ಹೋಗಿ ಯಂತ್ರ ನಿಲ್ಲಿಸಿ ಕಲ್ಲು ಎತ್ತಿದೆ. ಬಲಗೈಯ ಎರಡು ಬೆರಳು ಜಜ್ಜಿ ಹೋಗಿದ್ದವು. ಮಹಡಿಯಿಂದ ಡಾಕ್ಟ್ರು ಇಳಿದು ಬಂದರು, ಕಟ್ಟು ಕಟ್ಟಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಬೆರಳು ಉಳಿಯಲಿಲ್ಲ.

ರೈಟರ್ ಬಂದು ಬಾಗಿಲಲ್ಲಿ ನಿಂತ. ನೋಡಿದ್ದು ಅಕ್ಕನನ್ನಲ್ಲ, ಯಂತ್ರವನ್ನು. “ಛೆ, ಇಷ್ಟು ಹಿಟ್ಟು ಹಾಳಾಯ್ತಲ್ಲ” ಎಂದ. ಮತ್ತೆ ಹೊರಗೆ ಹೋಗಿ ಜಗಲಿಯ ಕಂಬದ ಬುಡಕ್ಕೆ ಉಗಿದ.

ಮರುದಿನ ಧಣಿ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ದಾರಿಯಲ್ಲಿ ಅವನು ನನ್ನ ಹೆಗಲಿಗೆ ಕೈ ಹಾಕಿದ, ಮೊದಲ ಸಲ. “ನಾನು ಕೂಗಿದೆ ಅಂತ ಹೇಳ್ತೇನೆ. ನೀನು ಒಂದು ಹೂಂ ಹೇಳು ಸಾಕು. ನಿನ್ನ ಕೆಲಸ ಉಳೀತದೆ, ನನ್ನ ಮಾನ ಉಳೀತದೆ. ಅವಳ ಬೆರಳು ಹೇಗೂ ವಾಪಸು ಬರುದಿಲ್ಲ.”

ಆ ಕೈಯನ್ನು ತೆಗೆದು ಹಾಕಿದೆ. ಅಂಗಿಯನ್ನು ಸಂಜೆ ಒಗೆದೆ.

ಧಣಿಯ ಎದುರು ಅವನು ಹೇಳಿದಂತೆಯೇ ಹೇಳಿದ. “ನಾನು ಗಟ್ಟಿಯಾಗಿ ‘ಬಿಡ್ಲಾ’ ಅಂತ ಕೂಗಿದೆ ಧಣಿ. ಅವಳು ಕೇಳದೆ ಕೈ ಹಾಕಿದ್ದು. ಬೇಕಾದರೆ ಇವನನ್ನು ಕೇಳಿ.”

“ಕೂಗಲಿಲ್ಲ ಧಣಿ,” ನಾನೆಂದೆ. “ನಾನು ಮುಟ್ಟಬೇಡಿ ಅಂತ ಹೇಳಿ ನೋಡ್ಲಿಕ್ಕೆ ಹೋಗಿದ್ದೆ. ಇವರೇ ಹಾಕಿದ್ದು.”

ಧಣಿ ನನ್ನ ಕಡೆ ತಿರುಗಿ ಹೇಳಿದರು: “ನೀನು ಸ್ವಲ್ಪ ದಿನ ಬರುದು ಬೇಡ.”

ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಆಮೇಲೆ ನಾನು ಸ್ವಂತ ವಯರಿಂಗ್ ಕೆಲಸ ಹಿಡಿದೆ. ಕಡಬ, ನೆಲ್ಯಾಡಿ, ಸುಳ್ಯದಾಚೆ ಅರಂತೋಡಿನವರೆಗೆ ತಿರುಗಿದೆ. ಯಾವ ಮನೆಯಲ್ಲೂ ಮೈನ್ ಸ್ವಿಚ್ಚು ಹಾಕುವ ಮೊದಲು ಮನೆಯವರನ್ನೆಲ್ಲ, ಅಡುಗೆಯವರನ್ನೂ ಸೇರಿಸಿ, ಸ್ವಿಚ್ಚಿನ ಹಲಗೆಯ ಎದುರು ನಿಲ್ಲಿಸುತ್ತೇನೆ. ಯಾವುದು ಬದಲಾಗಿದೆ ಎಂದು ತೋರಿಸುತ್ತೇನೆ. ಕೋಣೆಗೊಬ್ಬರನ್ನು ಕಳಿಸಿ, ಕೂಗಿಸಿ, ಒಂದೊಂದೇ ಫ್ಯೂಸು ಹಾಕುತ್ತೇನೆ. ನೆಲ್ಯಾಡಿಯಲ್ಲಿ ಕೇರಳದಿಂದ ಬಂದು ರಬ್ಬರ್ ತೋಟ ಹಾಕಿದ್ದ ಮಲಯಾಳಿಯೊಬ್ಬರು ನಗುತ್ತಾ ಕೇಳಿದ್ದರು: “ಎಂತ ಮಾರಾಯ್ರೆ, ಇದು ಕರೆಂಟು ಕೊಡುದಾ, ಮದುವೆಗೆ ಜನ ಕರೆಯುದಾ?”

ಇಷ್ಟು ವರ್ಷದಲ್ಲಿ ನನ್ನ ಕೆಲಸದಿಂದ ಯಾರ ಮೈಗೂ ಗೀರು ಬಿದ್ದಿಲ್ಲ. ಅದರಲ್ಲಿ ರೈಟರನ ಪಾಲೂ ಉಂಟು ಎಂದು ಒಪ್ಪಿಕೊಳ್ಳಬೇಕು. ಮನೆಯವರು ಬೇಸರದಿಂದ “ಸಾಕು, ಹಾಕಿ ಬಿಡಿ” ಎಂದಾಗ ನನಗೂ ಒಮ್ಮೊಮ್ಮೆ ಹೌದೆನ್ನಿಸುತ್ತದೆ. ಆಗ ಅವನ ಬಾಯಿ ನೆನಪಾಗುತ್ತದೆ, ಕೈ ತಾನಾಗಿ ಹಿಂದೆ ಬರುತ್ತದೆ. ಒಳ್ಳೆಯ ಗುರುವಿನ ಋಣವಾದರೆ ಹೇಳಿಕೊಳ್ಳಲು ಚೆಂದ. ಇದು ಚಪ್ಪಲಿಗೆ ಅಂಟಿದ ಹೊಲಸಿನಂಥ ಋಣ. ಎಷ್ಟು ತಿಕ್ಕಿದರೂ ವಾಸನೆ ಹೋಗುವುದಿಲ್ಲ.

ಅಕ್ಕ ಎರಡು ತಿಂಗಳಲ್ಲಿ ಮತ್ತೆ ಹೋಟೆಲು ತೆರೆದರು. ಅವನು ಅಲ್ಲಿಗೇ ಚಹಾಕ್ಕೆ ಬರುತ್ತಿದ್ದ. ಒಂದು ದಿನವೂ ‘ತಪ್ಪಾಯಿತು’ ಎನ್ನಲಿಲ್ಲ. “ಚಟ್ನಿ ನುಣ್ಣಗೆ ಆಗಲಿಲ್ಲ” ಎನ್ನುತ್ತಿದ್ದನಂತೆ.

ಎಂಬತ್ತರ ದಶಕದ ಕೊನೆಗೆ ಅವನು ಸತ್ತ. ಸುದ್ದಿ ಸುಳ್ಯದಲ್ಲಿ ಸಿಕ್ಕಿತು. ನಾನು ಹಲಗೆಯ ಕೆಲಸ ಮುಂದುವರಿಸಿದೆ. ಸಂಜೆ ಪುತ್ತೂರಿಗೆ ಬಂದು ಹೋಟೆಲಿಗೆ ಹೋದರೆ ಅಕ್ಕ ಆಗಷ್ಟೇ ಬಾಗಿಲು ತೆಗೆದಿದ್ದರು. ತಲೆಗೂದಲು ಒದ್ದೆಯಾಗಿತ್ತು. ಸತ್ತ ಮನೆಗೆ ಹೋಗಿ ಬಂದು ಮಿಂದಿದ್ದರು.

“ನೀವು ಹೋದದ್ದಾ ಅಕ್ಕ? ಅವನನ್ನು ನೋಡ್ಲಿಕ್ಕೆ? ಎಂತಕ್ಕೆ?”

“ಸತ್ತ ಅಂತ ಟೈಲರ್ ಬಂದು ಹೇಳಿದ,” ಎಂದರು. “ಯಾರೋ ಹೇಳಿದ್ದನ್ನು ನಂಬಿ ಕೂತ್ಕೊಳ್ಳುದು ಹೇಗೆ ತಮ್ಮಾ? ಹತ್ತಿರ ನಿಂತು ನೋಡಿ ಬಂದೆ.”

ಉಳಿದ ಮೂರು ಬೆರಳಲ್ಲಿ ಗ್ಲಾಸು ಹಿಡಿದು ನನ್ನ ಮುಂದಿಟ್ಟರು.

“ಸರಿಯಾಗಿಯೇ ಸತ್ತಿದ್ದಾನೆ. ಚಹಾ ಕುಡಿ.”